ಪುಣೆಯಲ್ಲಿ ನಿವೇಶನ ಕೊಳ್ಳುವ ಮುನ್ನ: ಬಡಾವಣೆ ನಕ್ಷೆ ಓದುವ, ಮಂಜೂರಾತಿ ಪರಿಶೀಲಿಸುವ ಸಮಗ್ರ ಮಾರ್ಗದರ್ಶಿ

ವಾಘೋಲಿ, ಲೋಣಿಕಂದ, ಮೋಶಿ, ಚಾಕಣ, ಸಾಸವಡ, ಉರುಳಿ ಕಾಂಚನ. ಪುಣೆಯಿಂದ ಯಾವ ದಿಕ್ಕಿಗೆ ಹೊರಟರೂ ‘ಎನ್‌ಎ ಪ್ಲಾಟ್, ಸ್ವತಂತ್ರ ಸಾತ್‌ಬಾರಾ, ಸುಲಭ ಕಂತು’ ಎಂಬ ಫಲಕಗಳು ಎದುರಾಗುತ್ತವೆ (ಎನ್‌ಎ ಎಂದರೆ ಕೃಷಿಯೇತರ, ಸಾತ್‌ಬಾರಾ ಎಂದರೆ ಇಲ್ಲಿನ ಪಹಣಿ). ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆ, ಕಚೇರಿ, ಹೋಟೆಲುಗಳಲ್ಲಿ ದುಡಿದು ನೆಲೆನಿಂತ ಕನ್ನಡಿಗರಲ್ಲಿ ಅನೇಕರಿಗೆ ಎರಡು ಗುಂಟೆ ಜಾಗದ ಆಸೆ ಇದ್ದೇ ಇರುತ್ತದೆ. ಇವರು ಜಮೀನಿನ ವಿಷಯ ಗೊತ್ತಿಲ್ಲದವರಲ್ಲ. ಪಹಣಿ ಓದಬಲ್ಲರು, ಪೋಡಿ, ಹದ್ದುಬಸ್ತು ಎಂದರೆ ಏನೆಂದು ಬಲ್ಲರು. ಆದರೆ ಊರಿನ ನಿಯಮಗಳನ್ನೇ ಇಲ್ಲಿಗೂ ಅನ್ವಯಿಸಿಕೊಂಡು ಹಣ ಕೊಟ್ಟುಬಿಡುವವರೂ ಇವರೇ.

ಪುಣೆ ಜಿಲ್ಲೆಯಲ್ಲಿ ನಿವೇಶನವೊಂದು ಕಾನೂನಿನ ಕಣ್ಣಿಗೆ ಕಾಣುವುದು ಅಂತಿಮ ಬಡಾವಣೆ ನಕ್ಷೆ ಮಂಜೂರಾದ ಮೇಲೆ. ಹೊಲದಲ್ಲಿ ಸುಣ್ಣದ ಗೆರೆ ಎಳೆದರೆ, ಕಲ್ಲು ನೆಟ್ಟರೆ, ಸಾತ್‌ಬಾರಾದಲ್ಲಿ ನಿಮ್ಮ ಹೆಸರು ಬಂದರೆ ಕೂಡ ಅದು ನಿವೇಶನ ಆಗುವುದಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಆ ನಕ್ಷೆಯನ್ನು ಹುಡುಕುವ, ಓದುವ, ಅಸಲಿಯೇ ಎಂದು ತಿಳಿಯುವ ದಾರಿಗಳು.

ಮೊದಲು ಊರಿನ ಲೆಕ್ಕ ಬದಿಗಿಡಿ

ಕರ್ನಾಟಕದ ಪಹಣಿಗೆ ಇಲ್ಲಿ ಸಮನಾದದ್ದು 7/12 ಉತಾರಾ, ಜನರ ಬಾಯಲ್ಲಿ ಸಾತ್‌ಬಾರಾ. ಮ್ಯುಟೇಶನ್‌ಗೆ ಫೇರ್‌ಫಾರ್, ಭೂ ಪರಿವರ್ತನೆಗೆ ಎನ್‌ಎ, ಗ್ರಾಮಠಾಣಾಕ್ಕೆ ಗಾವಠಾಣ, ಸರ್ವೆ ಅಳತೆಗೆ ಮೋಜಣಿ ಎನ್ನುತ್ತಾರೆ. ಜಮೀನು ಏಕೀಕರಣವಾದ ಹಳ್ಳಿಗಳಲ್ಲಿ ಸರ್ವೆ ನಂಬರಿನ ಬದಲು ಗಟ್ ನಂಬರ್ ಇರುತ್ತದೆ. ಗುಂಟೆ ಮಾತ್ರ ಎರಡೂ ಕಡೆ ಒಂದೇ: 1,089 ಚದರ ಅಡಿ, ಅಂದರೆ 101.17 ಚದರ ಮೀಟರ್. ಆದರೆ ಸಾತ್‌ಬಾರಾದಲ್ಲಿ ಗುಂಟೆ ಇರುವುದಿಲ್ಲ. ಹೆಕ್ಟೇರ್ ಮತ್ತು ಆರ್ ಲೆಕ್ಕ ಇರುತ್ತದೆ. ಒಂದು ಆರ್ ಎಂದರೆ 100 ಚದರ ಮೀಟರ್.

ಎರಡು ವ್ಯತ್ಯಾಸಗಳು ದೊಡ್ಡವು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಹಾಗಿಲ್ಲ, 1948ರ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆಯ 63ನೇ ಕಲಮು, ಅನುಮತಿ ಇಲ್ಲದೆ ಕೃಷಿಕರಲ್ಲದವರಿಗೆ ಕೃಷಿ ಜಮೀನು ಮಾರುವುದನ್ನು ತಡೆಯುತ್ತದೆ. ‘ನಿಮ್ಮೂರಿನ ಪಹಣಿ ತನ್ನಿ, ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಏಜೆಂಟರ ಮಾತಿಗೆ ಮುಂಗಡ ಕೊಡಬೇಡಿ. ಸ್ಥಳೀಯ ವಕೀಲರ ಲಿಖಿತ ಅಭಿಪ್ರಾಯ ಕೈಗೆ ಬಂದ ಮೇಲೆ ಮುಂದಿನ ಮಾತು.

ಎರಡನೆಯದು ಇಸಿ. ನಮ್ಮಲ್ಲಿ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತರುವುದು ರೂಢಿ. ಇಲ್ಲಿ ವಕೀಲರು ನೋಂದಣಿ ಇಲಾಖೆಯ ‘ಸೂಚಿ 2’ ದಾಖಲೆಗಳನ್ನು ಸಾಮಾನ್ಯವಾಗಿ 30 ವರ್ಷ ಹಿಂದಕ್ಕೆ ಹುಡುಕಿ ವರದಿ ಕೊಡುತ್ತಾರೆ. ಆ ವಕೀಲರು ಮಾರುವವರ ಕಡೆಯವರಾಗಿರಬಾರದು.

ಹೆಜ್ಜೆ 1: ಈ ನೆಲ ಯಾರ ಅಧಿಕಾರದಲ್ಲಿದೆ?

ಪುಣೆಯಲ್ಲಿ ಇದಕ್ಕೆ ಸುಲಭವಾದ ಉತ್ತರವಿಲ್ಲ. ಪುಣೆ ಮಹಾನಗರ ಪಾಲಿಕೆ, ಪಿಂಪ್ರಿ ಚಿಂಚವಡ ಮಹಾನಗರ ಪಾಲಿಕೆ, 2015ರಲ್ಲಿ ಸ್ಥಾಪನೆಯಾದ ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ), ಪುಣೆ, ಖಡಕಿ ಮತ್ತು ದೇಹು ರೋಡ್ ಕಂಟೋನ್ಮೆಂಟ್‌ಗಳು, ನಗರ ಪರಿಷತ್ತುಗಳು, ಕೈಗಾರಿಕಾ ವಲಯಗಳಲ್ಲಿ ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ), ಉಳಿದ ಕಡೆ ಜಿಲ್ಲಾಧಿಕಾರಿ. ಹಳ್ಳಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತಲೂ ಇರುತ್ತವೆ. ಪುಣೆ ಪಾಲಿಕೆಗೆ 2017ರಲ್ಲಿ 11 ಹಳ್ಳಿಗಳು, 2021ರಲ್ಲಿ 23 ಹಳ್ಳಿಗಳು ಸೇರಿದವು. ಸೇರಿದ್ದ ಫುರಸುಂಗಿ ಮತ್ತು ಉರುಳಿ ದೇವಾಚಿ ಆಮೇಲೆ ಹೊರಬಂದು ಪ್ರತ್ಯೇಕ ನಗರ ಪರಿಷತ್ತಾದವು.

ಹಾಗಾಗಿ ಮಂಜೂರಾತಿ ಪತ್ರದ ಮೇಲಿನ ದಿನಾಂಕ ನೋಡಿ, ಆ ದಿನ ಆ ಹಳ್ಳಿ ಯಾರ ಕೈಯಲ್ಲಿತ್ತು ಎಂದು ಕೇಳಬೇಕು. ಆ ದಿನ ಆ ಹಳ್ಳಿಯ ಮೇಲೆ ಅಧಿಕಾರವಿಲ್ಲದ ಯಾವುದೋ ಕಚೇರಿಯ ಮೊಹರು ನಕ್ಷೆಯ ಮೇಲಿದ್ದರೆ ಅಲ್ಲೇ ನಿಲ್ಲಿ, ವಿವರಣೆ ಕೇಳಿ. ಗ್ರಾಮ ಪಂಚಾಯಿತಿಯ ಮೊಹರಂತೂ ಬಡಾವಣೆಯ ಮಟ್ಟಿಗೆ ಲೆಕ್ಕಕ್ಕೇ ಇಲ್ಲ. ಪಂಚಾಯಿತಿ ಮನೆ ತೆರಿಗೆ ಕಟ್ಟಿಸಿಕೊಂಡು ರಸೀದಿ ಕೊಡುತ್ತದೆ, ನಾಹರಕತ್ (ಆಕ್ಷೇಪಣೆ ಇಲ್ಲ ಎಂಬ) ಪತ್ರವನ್ನೂ ಕೊಡುತ್ತದೆ. ಬಡಾವಣೆ ಮಂಜೂರು ಮಾಡುವ ಅಧಿಕಾರ ಅದಕ್ಕಿಲ್ಲ.

ಹೆಜ್ಜೆ 2: ಸಾತ್‌ಬಾರಾ ತೆಗೆಸಿ, ಮೂರು ಜಾಗ ನೋಡಿ

ಡಿಜಿಟಲ್ ಸಹಿ ಇರುವ ಸಾತ್‌ಬಾರಾ ಸರ್ಕಾರದ ಮಹಾಭೂಮಿ ಜಾಲತಾಣದಲ್ಲಿ ಅತ್ಯಲ್ಪ ಶುಲ್ಕಕ್ಕೆ ಸಿಗುತ್ತದೆ. ಏಜೆಂಟ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿಯನ್ನು ನಂಬದೆ ನೀವೇ ಅಂದಿನ ಪ್ರತಿ ತೆಗೆಸಿಕೊಳ್ಳಿ. ನಗರ ಸರ್ವೆ ಆದ ಕಡೆ ಸಾತ್‌ಬಾರಾ ಬದಲು ಪ್ರಾಪರ್ಟಿ ಕಾರ್ಡ್ ಇರುತ್ತದೆ.

ಮೊದಲು ‘ಭೋಗವಟಾದಾರ ವರ್ಗ’, ಅಂದರೆ ಹಿಡುವಳಿದಾರನ ವರ್ಗ ನೋಡಿ. ವರ್ಗ 1 ಆಗಿದ್ದರೆ ಮಾಲೀಕ ಮಾರಬಲ್ಲ. ವರ್ಗ 2 ಆಗಿದ್ದರೆ ಇನಾಮು, ವತನ, ಸರ್ಕಾರ ಕೊಟ್ಟ ಜಮೀನು ಇತ್ಯಾದಿ. ಸಕ್ಷಮ ಅಧಿಕಾರಿಯ ಅನುಮತಿ ಇಲ್ಲದೆ ಮಾರಾಟ ಮಾಡುವಂತಿಲ್ಲ. ಎರಡನೆಯದು ‘ಇತರ ಹಕ್ಕು’ ಎಂಬ ಅಂಕಣ. ಬ್ಯಾಂಕಿನ ಬೋಜಾ (ಸಾಲದ ಹೊರೆ), ಗೇಣಿದಾರನ ಹೆಸರು, ಸಹೋದರಿಯರ ಹಕ್ಕು, ಅಣೆಕಟ್ಟು ಸಂತ್ರಸ್ತರ ಪುನರ್ವಸತಿಗೆ ಕಾದಿರಿಸಿದ ಷರಾ, ಎಲ್ಲವೂ ಅಲ್ಲಿಯೇ ಕುಳಿತಿರುತ್ತವೆ. ಜಿಲ್ಲೆಯಲ್ಲಿ ಅಣೆಕಟ್ಟುಗಳು ಹೆಚ್ಚು, ಆದ್ದರಿಂದ ಈ ಕೊನೆಯ ಷರಾ ಅಪರೂಪವಲ್ಲ. ಮೂರನೆಯದು ಫೇರ್‌ಫಾರ್ ಸಂಖ್ಯೆಗಳು. ಅವನ್ನು ಒಂದೊಂದಾಗಿ ತೆಗೆಸಿ ಓದಿದರೆ ಜಮೀನು ಯಾರಿಂದ ಯಾರಿಗೆ ಬಂತು ಎಂಬ ಇತಿಹಾಸ ಬಿಚ್ಚಿಕೊಳ್ಳುತ್ತದೆ. ಮರಾಠಿ ಓದಲು ಬಾರದಿದ್ದರೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಾರುವವರ ಕಡೆಯವರನ್ನಲ್ಲ.

ಹೆಜ್ಜೆ 3: ವಲಯ ಯಾವುದು?

ಯೋಜನಾ ಪ್ರಾಧಿಕಾರದಿಂದ ಆ ಗಟ್ ನಂಬರಿನ ವಲಯ ದಾಖಲೆಯನ್ನೂ ಭಾಗ ನಕ್ಷೆಯನ್ನೂ ಪಡೆಯಿರಿ. ವಸತಿ ವಲಯವೇ, ಕೃಷಿ ವಲಯವೇ, ಉದ್ಯಾನಕ್ಕೋ ರಸ್ತೆಗೋ ಮೀಸಲೇ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಪಿಎಂಆರ್‌ಡಿಎ 2021ರಲ್ಲಿ ಪ್ರಕಟಿಸಿದ್ದ ಕರಡು ಅಭಿವೃದ್ಧಿ ಯೋಜನೆಯನ್ನು (ಡಿಪಿ) ರಾಜ್ಯ ಸರ್ಕಾರ 2025ರಲ್ಲಿ ರದ್ದುಪಡಿಸಿತು. ‘ಹೊಸ ಡಿಪಿಯಲ್ಲಿ ಇದು ವಸತಿ ವಲಯ’ ಎಂದು ಆ ಕರಡಿನ ಹಾಳೆ ತೋರಿಸುವವರಿದ್ದರೆ, ಆ ಹಾಳೆಗೆ ಬೆಲೆಯಿಲ್ಲ.

ಪುಣೆಯಲ್ಲಿ ವಿಶೇಷವಾಗಿ ಕೇಳಬೇಕಾದ ಕೆಲವು ಸಂಗತಿಗಳಿವೆ. ಬಾಣೇರ, ಬಾವಧನ, ಕೋಥರೂಡ, ವಾರಜೆ ಕಡೆಯ ಗುಡ್ಡಗಳ ಮೇಲೆ ಜೀವವೈವಿಧ್ಯ ಉದ್ಯಾನದ ಮೀಸಲಾತಿ ಇದೆ. ಐದು ಅಡಿಗೆ ಒಂದು ಅಡಿ ಏರುವ ಇಳಿಜಾರು ಅಥವಾ ಅದಕ್ಕಿಂತ ಕಡಿದಾದದ್ದರ ಮೇಲೆ ಕಟ್ಟುವಂತಿಲ್ಲ. ಮುಳಾ, ಮುಠಾ, ಪವನಾ, ಇಂದ್ರಾಯಣಿ ದಂಡೆಯಲ್ಲಿ ನೀರಾವರಿ ಇಲಾಖೆ ಗುರುತಿಸಿದ ಪ್ರವಾಹ ರೇಖೆಗಳಿವೆ. 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟಕ್ಕೆ ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರಬಹುದಾದದ್ದಕ್ಕೆ ಕೆಂಪು ರೇಖೆ. ನೀಲಿ ರೇಖೆಯೊಳಗೆ ಮನೆ ಕಟ್ಟುವ ಆಸೆ ಬಿಡಿ.

ಈ ಕೆಂಪು ರೇಖೆಗೂ ಪಿಂಪ್ರಿ ಚಿಂಚವಡದವರು ಹೇಳುವ ‘ರೆಡ್ ಝೋನ್’ಗೂ ಸಂಬಂಧವಿಲ್ಲ. ಅದು ದೇಹು ರೋಡ್‌ನ ಸೇನಾ ಮದ್ದುಗುಂಡು ಡಿಪೋದ ಸುತ್ತ 2,000 ಗಜದವರೆಗಿನ ನಿರ್ಬಂಧಿತ ಪ್ರದೇಶ. ತಳವಡೆ, ರೂಪೀನಗರ, ನಿಗಡಿಯ ಕೆಲ ಭಾಗಗಳು ಇದರೊಳಗೆ ಬರುತ್ತವೆ. ಅಲ್ಲಿ ಜಾಗ ಅಗ್ಗ. ಏಕೆ ಅಗ್ಗ ಎಂದು ಏಜೆಂಟ್ ತಾನಾಗಿ ಹೇಳುವುದಿಲ್ಲ. ಹಾಗೆಯೇ ರಿಂಗ್ ರಸ್ತೆಯ ಭೂಸ್ವಾಧೀನ, ಪುರಂದರ ತಾಲ್ಲೂಕಿನಲ್ಲಿ ವಿಮಾನ ನಿಲ್ದಾಣಕ್ಕೆ ಗುರುತಿಸಿರುವ ಏಳು ಹಳ್ಳಿಗಳು, ಇವುಗಳ ಗಟ್ ನಂಬರುಗಳೊಂದಿಗೆ ನಿಮ್ಮದನ್ನು ತಾಳೆ ನೋಡಿ.

ಹೆಜ್ಜೆ 4: ನಕ್ಷೆ ಬಿಡಿಸಿ ಕುಳಿತುಕೊಳ್ಳಿ

ಇಲ್ಲಿ ಆತುರ ಬೇಡ. ಬಣ್ಣ ಬಣ್ಣದ ಬ್ರೋಷರ್ ಬದಿಗಿಟ್ಟು, ಮೊಹರು ಇರುವ ನಕ್ಷೆಯ ಪೂರ್ಣ ಗಾತ್ರದ ಪ್ರತಿ ಕೇಳಿ. ಮೊಬೈಲಿನಲ್ಲಿ ತೆಗೆದ ಫೋಟೋ ಸಾಲದು, ಏಕೆಂದರೆ ಓದಬೇಕಾದದ್ದೆಲ್ಲ ಅಂಚಿನಲ್ಲಿರುತ್ತದೆ, ಫೋಟೋದಲ್ಲಿ ಅಂಚೇ ಕತ್ತರಿಸಿ ಹೋಗಿರುತ್ತದೆ.

ಜನ ಮೊದಲು ತಮ್ಮ ಪ್ಲಾಟ್ ಹುಡುಕುತ್ತಾರೆ. ನೀವು ಮೊದಲು ರಸ್ತೆ ಹುಡುಕಿ. ಬಡಾವಣೆಯ ಬಾಯಿ ಎಲ್ಲಿ ತೆರೆಯುತ್ತದೆ? ಸಾರ್ವಜನಿಕ ರಸ್ತೆಗೆ ನೇರವಾಗಿ ತೆರೆದರೆ ಸರಿ. ಪಕ್ಕದ ಮತ್ತೊಬ್ಬರ ಹೊಲದ ಮೂಲಕ ಹಾದುಬಂದರೆ, ಆ ದಾರಿಯ ಹಕ್ಕಿನ ನೋಂದಾಯಿತ ಪತ್ರ ಇರಬೇಕು. ‘ಅವರು ನಮ್ಮ ಚಿಕ್ಕಪ್ಪನವರೇ, ಏನೂ ಅನ್ನುವುದಿಲ್ಲ’ ಎಂಬ ಮಾತು ಚಿಕ್ಕಪ್ಪ ಇರುವವರೆಗೆ ನಡೆಯುತ್ತದೆ, ಅವರ ಮಕ್ಕಳ ಕಾಲಕ್ಕೆ ಬೇಲಿ ಬೀಳುತ್ತದೆ. ಒಳರಸ್ತೆಯ ಅಗಲವನ್ನೂ ನೋಡಿ. ರಸ್ತೆ ಉದ್ದವಾದಷ್ಟೂ ಅಗಲ ಹೆಚ್ಚಬೇಕೆಂಬುದು ನಿಯಮ. 9 ಮೀಟರ್, 12 ಮೀಟರ್ ಸಾಮಾನ್ಯ. ನಕ್ಷೆಯಲ್ಲಿ 9 ಮೀಟರ್ ಇದ್ದು ಸ್ಥಳದಲ್ಲಿ ಟೇಪು ಹಿಡಿದರೆ 6 ಮೀಟರ್ ಸಿಕ್ಕಿದರೆ, ಕಡಿಮೆಯಾದ 3 ಮೀಟರ್ ಯಾರದೋ ಪ್ಲಾಟಿನೊಳಗೆ ಸೇರಿದೆ ಎಂದರ್ಥ. ಅದು ನಿಮ್ಮದೇ ಪ್ಲಾಟ್ ಆಗಿದ್ದರೂ ಖುಷಿಪಡಬೇಡಿ. ಮುಂದೊಂದು ದಿನ ಕಾಂಪೌಂಡ್ ಒಡೆಯುವುದೂ ನಿಮ್ಮದೇ.

ಆಮೇಲೆ ಬಲಬದಿಯಲ್ಲಿರುವ ವಿಸ್ತೀರ್ಣದ ಕೋಷ್ಟಕ. ಇಡೀ ಹಾಳೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಏಕೆಂದರೆ ಸುಳ್ಳು ಹೇಳುವವರು ಚಿತ್ರವನ್ನು ತಿದ್ದುತ್ತಾರೆಯೇ ಹೊರತು ಕೂಡು-ಕಳೆ ಲೆಕ್ಕವನ್ನು ಸರಿಮಾಡುವ ತಾಳ್ಮೆ ಅವರಿಗಿರುವುದಿಲ್ಲ. ಮೇಲೆ ಸಾತ್‌ಬಾರಾ ಪ್ರಕಾರದ ವಿಸ್ತೀರ್ಣ, ಅದರ ಕೆಳಗೆ ಮೋಜಣಿ ಪ್ರಕಾರದ್ದು. ಎರಡರಲ್ಲಿ ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಂತರ ಅಭಿವೃದ್ಧಿ ಯೋಜನೆಯ ರಸ್ತೆಗೆ ಹೋಗುವ ಜಾಗ ಕಳೆಯುತ್ತಾರೆ. ಉಳಿದ ಜಾಗ 4,000 ಚದರ ಮೀಟರ್ ಅಥವಾ ಹೆಚ್ಚಿದ್ದರೆ ಅದರ ಶೇ 10ರಷ್ಟನ್ನು ಮನರಂಜನಾ ಬಯಲಾಗಿ ಬಿಡಬೇಕು. ಬಡಾವಣೆ ತೀರಾ ದೊಡ್ಡದಾದರೆ ಅಮೆನಿಟಿ (ಸಾರ್ವಜನಿಕ ಸೌಲಭ್ಯಗಳ) ಜಾಗವೂ ಬೇಕು. ಈ ನಿಯಮಗಳೆಲ್ಲ ಯುಡಿಸಿಪಿಆರ್ ಎಂಬ ಏಕೀಕೃತ ನಿಯಮಾವಳಿಯಲ್ಲಿವೆ. 2020ರ ಡಿಸೆಂಬರ್‌ನಿಂದ ಬೃಹನ್ಮುಂಬೈ, ಎಂಐಡಿಸಿ, ಗಿರಿಧಾಮ, ಲೋಣಾವಳಾದಂಥ ಕೆಲವು ಕಡೆ ಬಿಟ್ಟು ರಾಜ್ಯದ ಉಳಿದೆಲ್ಲ ಕಡೆಗೂ ಅದೇ ಅನ್ವಯ.

ಒಂದು ಲೆಕ್ಕ ಮಾಡಿ ನೋಡೋಣ. ಸಾತ್‌ಬಾರಾದಲ್ಲಿ 1 ಹೆಕ್ಟೇರ್ 20 ಆರ್, ಅಂದರೆ 12,000 ಚದರ ಮೀಟರ್. ಮೋಜಣಿಯಲ್ಲಿ ಸಿಕ್ಕಿದ್ದು 11,850 ಎನ್ನಿ, ಅದನ್ನೇ ಹಿಡಿಯಬೇಕು. ಯೋಜನಾ ರಸ್ತೆಗೆ 850 ಹೋದರೆ ಉಳಿಯುವುದು 11,000. ಶೇ 10ರ ಬಯಲಿಗೆ 1,100. ಒಳರಸ್ತೆಗಳಿಗೆ 2,300, ಟ್ರಾನ್ಸ್‌ಫಾರ್ಮರ್ ಮುಂತಾದವಕ್ಕೆ 100. ಪ್ಲಾಟುಗಳಿಗೆ ಸಿಗುವುದು 7,500 ಚದರ ಮೀಟರ್. 2,000 ಚದರ ಅಡಿಯ ಪ್ಲಾಟ್ ಎಂದರೆ ಸುಮಾರು 186 ಚದರ ಮೀಟರ್. ಹಾಗಾದರೆ 40 ಪ್ಲಾಟ್ ಆಗುತ್ತವೆ. ಈಗ ಮಾರುವವರ ಪಟ್ಟಿಯಲ್ಲಿ 52 ಪ್ಲಾಟ್ ಇದ್ದರೆ? 52 ಪ್ಲಾಟಿಗೇ 9,660ಕ್ಕೂ ಹೆಚ್ಚು ಬೇಕು. ರಸ್ತೆ, ಬಯಲು, ಟ್ರಾನ್ಸ್‌ಫಾರ್ಮರ್ ಎಲ್ಲಕ್ಕೂ ಸೇರಿ 1,340 ಉಳಿಯುವುದೂ ಕಷ್ಟ. ಮಕ್ಕಳ ಉದ್ಯಾನ ಎಂದು ಹಸಿರು ಬಳಿದ ಜಾಗವನ್ನೇ ಯಾರಿಗೋ ಮಾರಿದ್ದಾರೆ, ಅಥವಾ ಪ್ಲಾಟಿನ ಅಳತೆಯಲ್ಲಿ ರಸ್ತೆಯ ಪಾಲನ್ನೂ ಸೇರಿಸಿ ಹೇಳುತ್ತಿದ್ದಾರೆ. ಎರಡನೆಯದು ಇಲ್ಲಿ ಬಹಳ ನಡೆಯುತ್ತದೆ. ‘ಒಂದು ಗುಂಟೆ’ ಎಂದು ಹಣ ಕೊಟ್ಟು, ಅಳೆದಾಗ 900 ಚದರ ಅಡಿ ಸಿಕ್ಕರೆ, ಉಳಿದದ್ದು ರಸ್ತೆಯಲ್ಲಿದೆ ಎನ್ನುತ್ತಾರೆ. ಕರಾರಿನಲ್ಲಿ ಪ್ಲಾಟಿನ ನಾಲ್ಕೂ ಬದಿಯ ಉದ್ದವನ್ನು ಮೀಟರಿನಲ್ಲಿ ಬರೆಸುವುದೇ ಇದಕ್ಕೆ ಮದ್ದು.

ಕೊನೆಗೆ ಪ್ಲಾಟ್ ಸಂಖ್ಯೆ, ಚೆಕ್ಕುಬಂದಿ, ಉತ್ತರ ದಿಕ್ಕಿನ ಬಾಣ, ಸ್ಕೇಲು. ಮೇಲೆ ಹೈ ಟೆನ್ಶನ್ ತಂತಿ, ಪಕ್ಕದಲ್ಲಿ ನಾಲೆ ಇದ್ದರೆ ಬಿಡಬೇಕಾದ ಅಂತರವನ್ನೂ ನಕ್ಷೆಯಲ್ಲೇ ತೋರಿಸಿರಬೇಕು. ಪೂರ್ವಕ್ಕೆ ಬಾಗಿಲು ಬೇಕೆನ್ನುವವರು ಬ್ರೋಷರಿನ ಬಾಣವನ್ನು ನಂಬದೆ ಮಂಜೂರಾದ ಹಾಳೆಯ ಬಾಣ ನೋಡಿ. ಎರಡೂ ಬೇರೆ ಬೇರೆ ದಿಕ್ಕು ತೋರಿಸುವುದುಂಟು.

ಹೆಜ್ಜೆ 5: ತಾತ್ಪುರತೆಯೋ, ಅಂತಿಮವೋ?

ಮೊಹರು ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಮಂಜೂರಾತಿಗೆ ಎರಡು ಘಟ್ಟಗಳಿವೆ, ಮೊದಲ ಘಟ್ಟದ ಕಾಗದ ತೋರಿಸಿ ಮಾರುವವರೇ ಹೆಚ್ಚು.

ಮಾಲೀಕ ಅರ್ಜಿ ಹಾಕುವುದು 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 44ನೇ ಕಲಮಿನಡಿ, ವಾಸ್ತುಶಿಲ್ಪಿ ಅಥವಾ ಪರವಾನಗಿ ಇರುವ ತಜ್ಞರ ಮೂಲಕ. ಪ್ರಾಧಿಕಾರ ಪರಿಶೀಲಿಸಿ, ಸ್ಥಳ ನೋಡಿ, ಶುಲ್ಕ ಕಟ್ಟಿಸಿಕೊಂಡು ಮೊದಲು ‘ತಾತ್ಪುರತೆ ರೇಖಾಂಕನ’ ಕೊಡುತ್ತದೆ. ಇದು ತಾತ್ಕಾಲಿಕ ನಕ್ಷೆ. ನೆಲದ ಮೇಲೆ ಗಡಿ ಗುರುತಿಸಿಕೊಳ್ಳಲು ಕೊಟ್ಟ ಒಪ್ಪಿಗೆ ಮಾತ್ರ. ನಂತರ ಭೂಮಿ ಅಭಿಲೇಖ (ಭೂದಾಖಲೆ) ಇಲಾಖೆಯವರು ಬಂದು ಪ್ಲಾಟು, ರಸ್ತೆ, ಬಯಲು ಎಲ್ಲವನ್ನೂ ಅಳೆದು ಕಲ್ಲು ನೆಡಿಸಿ ಮೋಜಣಿ ನಕ್ಷೆ ಕೊಡುತ್ತಾರೆ. ಕಾಗದದ ಮೇಲೆ ನೇರವಾಗಿದ್ದ ಗೆರೆ ನೆಲದ ಮೇಲೆ ಬಂದಾಗ ಬಾವಿಗೋ ಹಳೆಯ ಬಾಂದಿಗೋ ಬಡಿಯುವುದು ಮಾಮೂಲು. ಹಾಗಾಗಿ ಅಳತೆಗಳು ಬದಲಾಗುತ್ತವೆ. ಆ ಬದಲಾದ ಅಳತೆಯ ನಕ್ಷೆಯನ್ನು ಮತ್ತೆ ಸಲ್ಲಿಸಿದ ಮೇಲೆ ‘ಅಂತಿಮ ರೇಖಾಂಕನ’ ಮಂಜೂರಾಗುತ್ತದೆ. ತಾತ್ಪುರತೆ ನಕ್ಷೆಯ 17ನೇ ಪ್ಲಾಟು ಅಂತಿಮದಲ್ಲಿ ಸಣ್ಣದಾಗಬಹುದು, ಸಂಖ್ಯೆ ಬದಲಿಸಬಹುದು, ರಸ್ತೆಯೇ ಆಗಿಬಿಡಬಹುದು.

ಪತ್ರದ ದಿನಾಂಕವೂ ಮುಖ್ಯ. ಕಾಯ್ದೆಯ 48ನೇ ಕಲಮಿನ ಪ್ರಕಾರ ಪರವಾನಗಿಯ ಆಯುಷ್ಯ ಒಂದು ವರ್ಷ. ವರ್ಷವರ್ಷವೂ ವಿಸ್ತರಿಸಬಹುದಾದರೂ ವಿಸ್ತರಣೆಗೆ ಮೂರು ವರ್ಷದ ಮಿತಿಯಿದೆ. ಅರ್ಜಿ ಹಾಕಿ 60 ದಿನ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ ಎಂಬ ಕಲಮೂ ಇದೆ. ಆದರೆ ನಿಯಮಕ್ಕೆ ಹೊಂದುವ ನಕ್ಷೆಗೆ ಮಾತ್ರ ಅದು ಅನ್ವಯಿಸುತ್ತದೆ. ಮಾರುವವರು ‘ಡೀಮ್ಡ್ ಮಂಜೂರಾಗಿದೆ’ ಎಂದರೆ ಅದನ್ನು ಇಲ್ಲ ಎಂದೇ ತಿಳಿಯಿರಿ.

ಅಂತಿಮ ನಕ್ಷೆಯ ನಂತರವೂ ಒಂದು ಕೆಲಸ ಉಳಿಯುತ್ತದೆ, ಅದನ್ನು ಕೇಳುವವರೇ ಕಡಿಮೆ. ಭೂಮಿ ಅಭಿಲೇಖ ಇಲಾಖೆ ‘ಕಮಿ ಜಾಸ್ತ ಪತ್ರಕ’ ತಯಾರಿಸುತ್ತದೆ, ಕಚೇರಿಯಲ್ಲಿ ಕೆಜೆಪಿ ಎಂದರೆ ಸಾಕು. ಇಡೀ ಗಟ್ ನಂಬರಿನ ವಿಸ್ತೀರ್ಣವನ್ನು ಪ್ಲಾಟುಗಳಿಗೆ ಹಂಚಿ, ಒಂದೊಂದು ಪ್ಲಾಟಿಗೂ ಬೇರೆ ಸಾತ್‌ಬಾರಾ ತೆರೆಯುವುದು ಇದರ ಆಧಾರದ ಮೇಲೆ. ಫಲಕದ ಮೇಲಿನ ‘ಸ್ವತಂತ್ರ ಸಾತ್‌ಬಾರಾ’ ನಿಜವೇ ಎಂದು ನೋಡಲು ಕೆಜೆಪಿ ಪ್ರತಿ ಕೇಳಿ. ಸಾತ್‌ಬಾರಾದಲ್ಲಿ ಗಟ್ ನಂಬರಿನ ಮುಂದೆ ಪ್ಲಾಟ್ ಸಂಖ್ಯೆಯೂ ಇರಬೇಕು.

ಎನ್‌ಎ ಬಗ್ಗೆ ಎರಡೇ ಮಾತು. ಜಮೀನನ್ನು ಕೃಷಿಯೇತರ ಬಳಕೆಗೆ ತಿರುಗಿಸುವುದು ಬೇರೆ, ಅದನ್ನು ತುಂಡು ಮಾಡಿ ಬಡಾವಣೆ ಮಾಡುವುದು ಬೇರೆ. 1966ರ ಭೂಕಂದಾಯ ಸಂಹಿತೆಗೆ ಈಚಿನ ವರ್ಷಗಳಲ್ಲಿ ಸೇರಿದ 42ಬಿ, 42ಸಿ, 42ಡಿ ಕಲಮುಗಳಿಂದ, ಯೋಜನೆಯಲ್ಲಿ ವಸತಿಗೆ ಗುರುತಾದ ಅಥವಾ ಗಾವಠಾಣದಿಂದ 200 ಮೀಟರ್ ಒಳಗಿನ ಜಮೀನಿಗೆ ಎನ್‌ಎ ವಿಧಾನ ಸಡಿಲವಾಯಿತು. ಬಡಾವಣೆ ಮಂಜೂರಾತಿಯ ಅಗತ್ಯ ಇದರಿಂದ ತಪ್ಪುವುದಿಲ್ಲ. ‘ಎನ್‌ಎ ಆಗಿದೆ’ ಎಂದವರಿಗೆ ‘ಅಂತಿಮ ರೇಖಾಂಕನ ತೋರಿಸಿ’ ಎನ್ನಿ.

ಹೆಜ್ಜೆ 6: ಕಳ್ಳದಾರಿಗಳನ್ನು ಗುರುತಿಸಿ

1947ರ ತುಕಡೆಬಂದಿ ಕಾಯ್ದೆ ಕೃಷಿ ಜಮೀನನ್ನು ಮಿತಿಗಿಂತ ಸಣ್ಣದಾಗಿ ತುಂಡರಿಸುವುದನ್ನು ತಡೆಯುತ್ತದೆ. 2023ರ ಆಗಸ್ಟ್‌ನ ಅಧಿಸೂಚನೆಯಂತೆ ಆ ಮಿತಿ ನೀರಾವರಿಗೆ 10 ಗುಂಟೆ, ಒಣಭೂಮಿಗೆ 20 ಗುಂಟೆ. ಹಾಗಾಗಿ ಮಾರುವವರು ಹತ್ತು ಹನ್ನೊಂದು ಜನ ಅಪರಿಚಿತರನ್ನು ಒಟ್ಟುಗೂಡಿಸಿ ಒಂದೇ ಕ್ರಯಪತ್ರ ಮಾಡಿಸುತ್ತಾರೆ. ಸಾತ್‌ಬಾರಾದಲ್ಲಿ ಎಲ್ಲರ ಹೆಸರೂ ಬರುತ್ತದೆ, ಸಿಹಿ ಹಂಚುತ್ತಾರೆ. ಆದರೆ ಅದು ಅವಿಭಜಿತ ಪಾಲು. ನಿಮ್ಮ ಒಂದು ಗುಂಟೆ ಎಲ್ಲಿದೆ ಎಂದು ಯಾವ ಸರ್ಕಾರಿ ಕಾಗದವೂ ಹೇಳುವುದಿಲ್ಲ. ನಾಳೆ ಮಾರಬೇಕೆಂದರೆ ಉಳಿದವರನ್ನು ಹುಡುಕಿಕೊಂಡು ಹೋಗಬೇಕು. ಅವರಲ್ಲಿ ಒಬ್ಬರು ನಾಂದೇಡದಲ್ಲಿ, ಇನ್ನೊಬ್ಬರು ದುಬೈಯಲ್ಲಿ ಇರುತ್ತಾರೆ. ಬ್ಯಾಂಕು ಸಾಲ ಕೊಡುವುದಿಲ್ಲ, ಮನೆ ನಕ್ಷೆಯೂ ಪಾಸಾಗುವುದಿಲ್ಲ.

ನೋಟರಿ ಮಾಡಿಸಿದ ಛಾಪಾ ಕಾಗದದ ಮೇಲಿನ ಮಾರಾಟ ಇದಕ್ಕಿಂತ ಕೆಟ್ಟದ್ದು. ಸ್ಥಿರಾಸ್ತಿಯ ಒಡೆತನ ನೋಟರಿ ಮುದ್ರೆಯಿಂದ ಬದಲಾಗುವುದಿಲ್ಲ.

ನಮ್ಮ ಅಕ್ರಮ-ಸಕ್ರಮದಂತೆ ಇಲ್ಲಿ 2001ರ ಗುಂಠೇವಾರಿ ಕಾಯ್ದೆ ಇದೆ. ಗುಂಠೇವಾರಿ ಎಂದರೆ ಮಂಜೂರಾತಿ ಇಲ್ಲದೆ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ಪ್ಲಾಟುಗಳು. 2021ರ ತಿದ್ದುಪಡಿಯಿಂದ 2020ರ ಡಿಸೆಂಬರ್ 31ರವರೆಗಿನ ಗುಂಠೇವಾರಿಗೂ ಅದು ಅನ್ವಯಿಸುತ್ತದೆ. ತುಂಡು ವ್ಯವಹಾರಗಳಿಗೂ 2025ರಲ್ಲಿ ಸರ್ಕಾರ ಶುಲ್ಕವಿಲ್ಲದ ಸಕ್ರಮದ ಬಾಗಿಲು ತೆರೆಯಿತು. ಅದೂ 2024ರ ಅಕ್ಟೋಬರ್ 15ರವರೆಗೆ ನಡೆದವಕ್ಕೆ, ನಿಗದಿತ ಪ್ರದೇಶಗಳಲ್ಲಿ. ಈಗಾಗಲೇ ಸಿಕ್ಕಿಹಾಕಿಕೊಂಡವರಿಗೆ ಇವು ಆಸರೆ. ಹೊಸದಾಗಿ ಕೊಳ್ಳುವವರಿಗೆ ‘ಮುಂದೆ ರೆಗ್ಯುಲರ್ ಆಗುತ್ತದೆ’ ಎಂದು ಇವನ್ನು ತೋರಿಸಿ ಮಾರುವುದು ಮೋಸ. ವಹಿವಾಟು ಸಕ್ರಮವಾದರೂ ರಸ್ತೆ, ಚರಂಡಿ, ಬಯಲು ತಾವಾಗಿ ಹುಟ್ಟಿಕೊಳ್ಳುವುದಿಲ್ಲ.

ಹೆಜ್ಜೆ 7: ಮಹಾರೇರಾ, ಬ್ಯಾಂಕು, ಕರಾರು

500 ಚದರ ಮೀಟರಿಗಿಂತ ದೊಡ್ಡ ಜಮೀನಿನಲ್ಲಿ ನಿವೇಶನ ಮಾಡಿ ಮಾರುವವರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಮಾಡಿಸಬೇಕು. ಜಾಹೀರಾತು ಹಾಕುವ ಮುನ್ನವೇ. ಮಹಾರೇರಾ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ಮಂಜೂರಾದ ನಕ್ಷೆ, ವಕೀಲರ ಹಕ್ಕುಪತ್ರ ವರದಿ, ಪ್ಲಾಟುಗಳ ಪಟ್ಟಿ ತೆರೆದುಕೊಳ್ಳುತ್ತವೆ. ಅಲ್ಲಿನ ಪ್ಲಾಟ್ ಸಂಖ್ಯೆ, ನಿಮ್ಮ ಕೈಯಲ್ಲಿರುವ ನಕ್ಷೆಯ ಸಂಖ್ಯೆ, ಕರಾರಿನಲ್ಲಿ ಬರೆದ ಸಂಖ್ಯೆ ಮೂರೂ ಒಂದೇ ಆಗಿರಬೇಕು. ನೋಂದಾಯಿತ ಕರಾರು ಆಗುವ ಮುನ್ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ ಎಂಬುದು ರೇರಾದ 13ನೇ ಕಲಮು.

ಸಾಲ ಬೇಡದಿದ್ದರೂ ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಪ್ಲಾಟ್ ಸಾಲಕ್ಕೆ ವಿಚಾರಿಸಿ ನೋಡಿ. ಮಾರುವವರೇ ಏರ್ಪಾಡು ಮಾಡಿದ ಫೈನಾನ್ಸ್ ಕಂಪನಿ ಒಪ್ಪುವುದು ಬೇರೆ, ನೀವೇ ಹೋಗಿ ಕೇಳಿದ ಬ್ಯಾಂಕಿನ ಪ್ಯಾನಲ್ ವಕೀಲರು ಒಪ್ಪುವುದು ಬೇರೆ.

ನಕ್ಷೆಯ ಅಸಲಿತನ ಸಂಶಯವಾದರೆ, ಪತ್ರದ ಮೇಲಿನ ಜಾವಕ (ರವಾನೆ) ಸಂಖ್ಯೆ ಮತ್ತು ದಿನಾಂಕ ಬರೆದುಕೊಂಡು ಪ್ರಾಧಿಕಾರದ ಕಚೇರಿಯಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಇಲ್ಲವೇ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. 30 ದಿನ ಹಿಡಿಯಬಹುದು. ‘ಶನಿವಾರದವರೆಗೆ ಮಾತ್ರ ಈ ದರ’ ಎಂದು ಅವಸರಪಡಿಸುವವರು ಈ 30 ದಿನವನ್ನು ಕಂಡರೆ ಬೆಚ್ಚುತ್ತಾರೆ.

ನೀವೇ ಬಡಾವಣೆ ಮಾಡುವುದಾದರೆ

ಮದುವೆಯ ಸಂಬಂಧದಿಂದಲೋ ಹಿರಿಯರು ಹಿಂದೆ ಕೊಂಡದ್ದರಿಂದಲೋ ಇಲ್ಲಿ ಜಮೀನಿರುವ ಕನ್ನಡ ಕುಟುಂಬಗಳಿವೆ. ಅಣ್ಣತಮ್ಮಂದಿರು ತಹಸೀಲ್ದಾರರ ಎದುರು ಪಾಲು ಮಾಡಿಕೊಂಡರೆ ಹಿಸ್ಸೆಗಳು ಬೇರೆಯಾಗುತ್ತವೆ, ಅಷ್ಟೇ. ಅದು ಬಡಾವಣೆ ಆಗುವುದಿಲ್ಲ. ಪಾಲಿಗೂ ಮುಂಚೆ ಒಬ್ಬ ವಾಸ್ತುಶಿಲ್ಪಿಯನ್ನು ಕಂಡು ರಸ್ತೆ ಎಲ್ಲಿ ಬರಬೇಕೆಂದು ಕೇಳಿ. ರಸ್ತೆಗೆ ಜಾಗ ಬಿಡದೆ ಉದ್ದುದ್ದ ಪಟ್ಟಿಯಂತೆ ಪಾಲು ಮಾಡಿಕೊಂಡ ಜಮೀನಿನಲ್ಲಿ ಹಿಂದಿನ ಪಾಲಿನವರಿಗೆ ಯಾವ ನಕ್ಷೆಯೂ ಮಂಜೂರಾಗುವುದಿಲ್ಲ. ಒಟ್ಟಾಗಿ ಒಂದೇ ಅರ್ಜಿ ಹಾಕಿದರೆ ಎಲ್ಲರಿಗೂ ರಸ್ತೆ ಸಿಗುತ್ತದೆ.

ಕೆಲಸದ ಕ್ರಮ ಹೀಗೆ: ಮೋಜಣಿ ಮಾಡಿಸಿ ಗಡಿ ಖಚಿತಪಡಿಸಿಕೊಳ್ಳಿ, ವಲಯ ದಾಖಲೆ ಪಡೆಯಿರಿ, ಆಮೇಲೆ ನಕ್ಷೆ ಬಿಡಿಸಿ. ಹಲವರು ಮೊದಲೇ ನಕ್ಷೆ ಬಿಡಿಸಿ, ಮೋಜಣಿಯಲ್ಲಿ ಗಡಿ ಸರಿದಾಗ ಎರಡನೇ ಬಾರಿ ದುಡ್ಡು ತೆರುತ್ತಾರೆ. ಅರ್ಜಿಯ ಜತೆ ಸಾತ್‌ಬಾರಾ, ಫೇರ್‌ಫಾರ್‌ಗಳು, ಮೋಜಣಿ ನಕ್ಷೆ, ಹಕ್ಕಿನ ವರದಿ, ಎಲ್ಲ ಸಹಮಾಲೀಕರ ಒಪ್ಪಿಗೆ ಬೇಕು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯನ್ನೂ ಈಗಲೇ ಪಡೆಯಿರಿ. ಅರ್ಧ ದಾರಿಯಲ್ಲಿ ಬರುವ ತಕರಾರುಗಳಲ್ಲಿ ಇದೇ ಮೊದಲಿನದು. ರಸ್ತೆ, ನೀರು, ಚರಂಡಿ, ದೀಪ ಹಾಕಿಸುವ ಹೊಣೆ ಮಾಲೀಕನದೇ.

ನೋಂದಣಿಯ ನಂತರ

ನೋಂದಣಿ ಶುಲ್ಕ ಬೆಲೆಯ ಶೇ 1, ಹೆಚ್ಚೆಂದರೆ 30,000 ರೂಪಾಯಿ. ಮುದ್ರಾಂಕ ಶುಲ್ಕ ಬೇರೆ, ಅದು ಸರ್ಕಾರಿ ದರಪಟ್ಟಿ ಅಥವಾ ಕರಾರಿನ ಬೆಲೆ ಯಾವುದು ಹೆಚ್ಚೋ ಅದರ ಮೇಲೆ. ಕ್ರಯಪತ್ರಕ್ಕೆ ಅಂತಿಮ ನಕ್ಷೆಯ ಪ್ರತಿಯನ್ನು ಲಗತ್ತಿಸಿ, ನಿಮ್ಮ ಪ್ಲಾಟನ್ನು ಗುರುತು ಮಾಡಿ ಎರಡೂ ಕಡೆಯವರ ಸಹಿ ಹಾಕಿಸಿ. ಫೇರ್‌ಫಾರ್ ಆಗಿ ಹೆಸರು ಏರಿತೇ ಎಂದು ತಲಾಠಿ (ಗ್ರಾಮ ಲೆಕ್ಕಿಗ) ಕಚೇರಿಯಲ್ಲಿ ವಿಚಾರಿಸಿ. ಕಾಂಪೌಂಡ್ ಕಟ್ಟುವ ಮುನ್ನ ಒಮ್ಮೆ ಗಡಿ ಅಳತೆ ಮಾಡಿಸಿ, ಪಕ್ಕದ ಪ್ಲಾಟಿನವರನ್ನೂ ಆ ದಿನ ಕರೆಯಿರಿ.

ನಕ್ಷೆಯ ಒಂದು ಪ್ರತಿಯನ್ನು ಪ್ಲಾಟುದಾರರ ಸಂಘದಲ್ಲಿಯೂ ಇಡಿ. ಬಡಾವಣೆಯಲ್ಲಿ ಬಯಲೆಂದು ತೋರಿಸಿದ ಜಾಗದ ಮೇಲೆ ಕೆಲ ವರ್ಷಗಳ ನಂತರ ಹಳೆಯ ಮಾಲೀಕರ ಮಕ್ಕಳು ಬೇಲಿ ಹಾಕಲು ಬರುವುದುಂಟು. ಆಗ ತೆಗೆದು ತೋರಿಸಬೇಕಾದದ್ದು ಪ್ರಾಧಿಕಾರದ ಮೊಹರು ಇರುವ ಆ ಹಾಳೆ. ಅದರ ಆಧಾರದ ಮೇಲೆ ದೂರು ಕೊಟ್ಟರೆ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 53ನೇ ಕಲಮಿನಡಿ ಅಕ್ರಮ ಕಟ್ಟಡ ತೆರವಿಗೆ ಪ್ರಾಧಿಕಾರ ನೋಟಿಸ್ ಹೊರಡಿಸಬಹುದು.